ಬೆನ್ನಚೀಲ ಹೊತ್ತು ಆಸ್ಟ್ರೇಲಿಯಾಕ್ಕೆ: ಹೊರಡುವ ಮೊದಲು ಒಂದು ಲೆಕ್ಕ

ಹೊರದೇಶದಲ್ಲಿ ಒಂದು ವರ್ಷ ತಿರುಗಾಡುವುದು, ತಿರುಗಾಟದ ಖರ್ಚಿಗೆ ಅಲ್ಲೇ ತೋಟದಲ್ಲೋ ಹೋಟೆಲಿನಲ್ಲೋ ದುಡಿಯುವುದು. ಇದಕ್ಕೆಂದೇ ಒಂದು ವೀಸಾ ಉಂಟು. ಆಸ್ಟ್ರೇಲಿಯಾ 1975ರಿಂದ ಕೆಲವು ದೇಶಗಳ ಯುವಕರಿಗೆ ಇಂಥ ಅವಕಾಶ ಕೊಡುತ್ತ ಬಂದಿದೆ. ಭಾರತದವರಿಗೆ ಇದರ ಬಾಗಿಲು ತೆರೆದದ್ದು 2024ರಲ್ಲಿ, ಎರಡು ದೇಶಗಳ ವ್ಯಾಪಾರ ಒಪ್ಪಂದದ ಫಲವಾಗಿ. ವರ್ಷಕ್ಕೆ 1,000 ಮಂದಿಗೆ ಮಾತ್ರ.

ಮೊದಲ ಸಲದ ಆಯ್ಕೆಯಲ್ಲಿ ನನ್ನ ಹೆಸರು ಬಂತು. 2025ರ ಮಾರ್ಚಿಯಲ್ಲಿ, ಅಡಿಕೆ ಕೊಯ್ಲು ಮುಗಿಸಿ ಹೊರಟೆ. 46 ವಾರ ಇದ್ದು ಬಂದೆ. ಬಂದ ಮೇಲೆ ಊರಿನಲ್ಲಿ, ನೆಂಟರಲ್ಲಿ, ಸೊಸೈಟಿಯ ಜಗಲಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಲಕ್ಷ ತಂದೆ ಮಾರಾಯ?" ಮಗನನ್ನೋ ಮಗಳನ್ನೋ ಕಳಿಸುವ ಯೋಚನೆಯಲ್ಲಿ ಇದ್ದವರೂ ಕೆಲವರು ಬಂದು ಕೇಳಿದರು. ಅದರಲ್ಲಿ ಒಬ್ಬರು ತೋಟದ ಮೇಲೆ ಸಾಲ ತೆಗೆಯಲು ತಯಾರಾಗಿಯೇ ಬಂದಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲೇ ಒಂದು ಮಾತು. ಇದು ನೌಕರಿಯ ವೀಸಾ ಅಲ್ಲ, ಅಲ್ಲೇ ನೆಲೆಸುವ ದಾರಿಯೂ ಅಲ್ಲ. ಹೆಸರೇ 'ವರ್ಕ್ ಆ್ಯಂಡ್ ಹಾಲಿಡೇ'. ಸರಕಾರ ಇದಕ್ಕೆ ಕೊಟ್ಟ ನಂಬರ್ 462. ಹೊಸ ಬೆಳೆಯೊಂದಕ್ಕೆ ಕೈಹಾಕುವಾಗ ಬೀಜದ ಖರ್ಚೆಷ್ಟು, ಫಸಲು ಯಾವಾಗ, ಮಳೆ ಕೈಕೊಟ್ಟರೆ ಏನು ಗತಿ ಅಂತ ನೋಡುತ್ತೇವಲ್ಲ, ಇದನ್ನೂ ಹಾಗೆಯೇ ನೋಡಬೇಕು.

ಯಾರು ಹೋಗಬಹುದು?

ವಯಸ್ಸು 18ರಿಂದ 30. 31 ತುಂಬುವ ಮೊದಲೇ ವೀಸಾಕ್ಕೆ ಅರ್ಜಿ ಹಾಕಿರಬೇಕು. ಪಿಯುಸಿ ಸಾಲದು, ಕನಿಷ್ಠ ಎರಡು ವರ್ಷದ ಡಿಗ್ರಿ ಓದು ಪಾಸಾಗಿರಬೇಕು. ಇಂಗ್ಲಿಷ್ ಗೊತ್ತಿದೆ ಅಂತ ತೋರಿಸಬೇಕು. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಸರಾಸರಿ 4.5 ಬಂದರೆ ಸಾಕು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮಾಡಿದ ನನಗೆ ಅದು ಕಷ್ಟವಾಗಲಿಲ್ಲ. ಮಕ್ಕಳನ್ನು ಜತೆಗೆ ಕರೆದೊಯ್ಯುವಂತಿಲ್ಲ. ಕೈಯಲ್ಲಿ 5,000 ಆಸ್ಟ್ರೇಲಿಯನ್ ಡಾಲರ್, ಅದಲ್ಲದೆ ಹಿಂತಿರುಗುವ ಟಿಕೆಟಿನ ಹಣ ಇದೆ ಅಂತ ಬ್ಯಾಂಕ್ ಕಾಗದದಲ್ಲಿ ತೋರಿಸಬೇಕು.

ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ. ಮೊದಲು ಹೆಸರು ನೋಂದಾಯಿಸಬೇಕು. ಅದಕ್ಕೆ ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ಮತ್ತು 25 ಡಾಲರ್ ಬೇಕು. ಆಮೇಲೆ ಕಂಪ್ಯೂಟರ್ ಚೀಟಿ ಎತ್ತುತ್ತದೆ. 2024ರ ಅಕ್ಟೋಬರಿನಲ್ಲಿ ಮೊದಲ ಸಲ ಕರೆದಾಗ ಎರಡೇ ವಾರದಲ್ಲಿ ಸುಮಾರು 40,000 ಅರ್ಜಿ ಬಂತೆಂದು ಅಲ್ಲಿನ ಮಂತ್ರಿಗಳೇ ಹೇಳಿದರು. ನಲವತ್ತರಲ್ಲಿ ಒಬ್ಬನಿಗೂ ಖಾತ್ರಿ ಇಲ್ಲ ಅಂತಾಯಿತು. ಹೆಸರು ಬಂದವರು 28 ದಿನದ ಒಳಗೆ ವೀಸಾಕ್ಕೆ ಅರ್ಜಿ ಹಾಕಬೇಕು. ನೋಂದಣಿಯ ತಾರೀಕು ಪ್ರತಿ ವರ್ಷ ಒಂದೇ ಇರುವುದಿಲ್ಲ. ಆಸ್ಟ್ರೇಲಿಯಾ ಸರಕಾರದ ಗೃಹ ಇಲಾಖೆಯ ಪ್ರಕಟಣೆ ನೋಡುತ್ತಿರಬೇಕು.

ಇದರಿಂದ ತಿಳಿಯಬೇಕಾದ್ದು ಇಷ್ಟೇ: "ನಾನು ಗ್ಯಾರಂಟಿ ಮಾಡಿಸಿಕೊಡ್ತೇನೆ, ಎರಡು ಲಕ್ಷ ಕೊಡಿ" ಅನ್ನುವ ಏಜಂಟನ ಮಾತು ಸುಳ್ಳು. ಚೀಟಿಯಲ್ಲಿ ಹೆಸರು ಬರಿಸುವುದು ಯಾರ ಕೈಯಲ್ಲೂ ಇಲ್ಲ. ಒಬ್ಬರಿಗೆ ವರ್ಷಕ್ಕೆ ಒಂದೇ ನೋಂದಣಿ. ನಾನು ಎಲ್ಲವನ್ನೂ ಮನೆಯಲ್ಲೇ ಕೂತು ತುಂಬಿದೆ.

ಬಿತ್ತನೆಯ ಖರ್ಚು

ಡಾಲರಿಗೆ 55 ರೂಪಾಯಿ ಹಿಡಿದು ನನ್ನ ಖರ್ಚು ಹೀಗಿತ್ತು:

ನೋಂದಣಿ – 1,375 ರೂ.
ವೀಸಾ ಶುಲ್ಕ (ಆಗ 650 ಡಾಲರ್) – 35,750 ರೂ.
ಇಂಗ್ಲಿಷ್ ಪರೀಕ್ಷೆ – 17,000 ರೂ.
ವೈದ್ಯಕೀಯ ತಪಾಸಣೆ – 6,500 ರೂ.
ಹೋಗುವ ವಿಮಾನ – 42,000 ರೂ.
ಬರುವ ವಿಮಾನ – 45,000 ರೂ.
ಆರೋಗ್ಯ ವಿಮೆ – 30,000 ರೂ.
ಚೀಲ, ಬೂಟು, ಮಳೆಕೋಟು ಇತ್ಯಾದಿ – 9,000 ರೂ.

ಒಟ್ಟು 1,86,625 ರೂಪಾಯಿ. ವೀಸಾ ಶುಲ್ಕ 2025ರ ಜುಲೈಯಿಂದ 670 ಡಾಲರ್ ಆಗಿದೆ. ಅಲ್ಲಿ ಸಾಮಾನ್ಯವಾಗಿ ಜುಲೈಯಲ್ಲಿ ಶುಲ್ಕಗಳು ಏರುತ್ತವೆ, ಹೊಸ ದರ ನೋಡಿಕೊಂಡು ಲೆಕ್ಕ ಹಾಕಿ.

ವಿಮೆಯ 30,000 ದಂಡ ಅಂತ ಅಪ್ಪ ಹೇಳಿದ್ದರು. ಕೆಲವು ದೇಶದವರಿಗೆ ಅಲ್ಲಿನ ಸರಕಾರಿ ಚಿಕಿತ್ಸೆಯ ಸವಲತ್ತು ಉಂಟು, ಭಾರತದವರಿಗೆ ಇಲ್ಲ. ಕತ್ತಿ ತಾಗಿ ಆಸ್ಪತ್ರೆ ಸೇರಿದರೆ ಪೂರ್ತಿ ಬಿಲ್ಲು ನಮ್ಮದೇ. ವಿಮೆ ಬಿಟ್ಟು ಹಣ ಉಳಿಸಬೇಡಿ. ತೋಟದ ಕೆಲಸಕ್ಕೂ ಆ ವಿಮೆ ಅನ್ವಯಿಸುತ್ತದಾ ಅಂತ ಓದಿ ನೋಡಿಯೇ ಮಾಡಿಸಿ.

ಮೇಲಿನದ್ದು ಕೈಬಿಟ್ಟು ಹೋಗುವ ಹಣ. ಇದಲ್ಲದೆ 5,000 ಡಾಲರ್, ಅಂದರೆ 2,75,000 ರೂಪಾಯಿ, ಕೈಯಲ್ಲಿರಬೇಕು. ಎರಡೂ ಸೇರಿ ಸುಮಾರು 4 ಲಕ್ಷ 60 ಸಾವಿರ. ಸಣ್ಣ ಹಿಡುವಳಿದಾರನಿಗೆ ಇದು ಸಣ್ಣ ಮೊತ್ತ ಅಲ್ಲ. ನಾನು ಮೂರು ವರ್ಷದ ಉಳಿತಾಯ ಮತ್ತು ನನ್ನ ಪಾಲಿನ ಒಂದು ಫಸಲಿನ ಹಣದಲ್ಲಿ ಹೊಂದಿಸಿದೆ.

ಮೊದಲ ಸಂಬಳದ ವರೆಗೆ

5,000 ಡಾಲರ್ ಬರೀ ತೋರಿಸಲಿಕ್ಕೆ, ಆಮೇಲೆ ಬೇಡ ಅಂತ ಕೆಲವರ ತಿಳಿವಳಿಕೆ. ಆ ಹಣ ಇರಬೇಕಾದ್ದು ಮೊದಲ ಸಂಬಳದ ವರೆಗೆ ಉಸಿರು ಹಿಡಿಯಲಿಕ್ಕೆ. ಸಸಿ ನೆಟ್ಟ ಮೇಲೆ ಬೇರು ಕೊಡುವ ತನಕ ನೀರು ಕೊಡುವುದಿಲ್ಲವೇ, ಹಾಗೆ.

ನಾನು ಇಳಿದದ್ದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರದ ಕೇರ್ನ್ಸ್ ಪೇಟೆಯಲ್ಲಿ. ಬ್ಯಾಂಕ್ ಖಾತೆ, ಫೋನು, ತೆರಿಗೆ ನಂಬರ್ ಮಾಡಿಸಲು ದಿನ ಹಿಡಿಯಿತು. ಅಲ್ಲಿ ಟಿಎಫ್‌ಎನ್ ಅನ್ನುವ ಈ ತೆರಿಗೆ ನಂಬರನ್ನು ಸರಕಾರ ಬಿಟ್ಟಿಯಾಗಿ ಕೊಡುತ್ತದೆ, ಯಾರಿಗೂ ಹಣ ಕೊಡಬೇಕಾಗಿಲ್ಲ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 140 ಕಿ.ಮೀ. ದೂರದ ಟಲಿ ಎಂಬ ಬಾಳೆಯ ಊರಿಗೆ ಬಸ್ಸಿನಲ್ಲಿ ಹೋದೆ. ಮಳೆ ಬಿಟ್ಟಿರಲಿಲ್ಲ. ಫೆಬ್ರವರಿಯಲ್ಲಷ್ಟೇ ಆ ಸೀಮೆಯಲ್ಲಿ ದೊಡ್ಡ ನೆರೆ ಬಂದಿತ್ತು. ತೋಟಗಳಿಗೆ ಇಳಿಯುವಂತೆ ಇರಲಿಲ್ಲ. ಕೆಲಸ ಸಿಕ್ಕಿದ್ದು ನಾಲ್ಕನೇ ವಾರ, ಮೊದಲ ಸಂಬಳ ಕೈಗೆ ಬಂದದ್ದು ಐದು ವಾರ ಕಳೆದ ಮೇಲೆ. ಅಷ್ಟರಲ್ಲಿ ವಸತಿ, ಊಟ, ಮುಂಗಡ, ಬಸ್ಸು ಎಲ್ಲ ಸೇರಿ 2,300 ಡಾಲರ್ ಕರಗಿತ್ತು.

ಅದೇ ಹಾಸ್ಟೆಲಿನಲ್ಲಿ ಕೈಯಲ್ಲಿ 600 ಡಾಲರ್ ಇಟ್ಟುಕೊಂಡು ಬಂದ ಹುಡುಗನೊಬ್ಬನಿದ್ದ. ಮೂರನೇ ವಾರ ಅವನು ಸಿಕ್ಕಿದ ಕೆಲಸಕ್ಕೆ, ಹೇಳಿದ ದರಕ್ಕೆ ಹೋಗಲೇಬೇಕಾಯಿತು. ಬೇಡ ಅನ್ನುವ ಧೈರ್ಯ ಬರುವುದು ಜೇಬಿನಲ್ಲಿ ಹಣ ಇದ್ದರೆ ಮಾತ್ರ. ಇದು ನಮ್ಮ ಅಡಿಕೆ ಮಾರಾಟದ ಹಾಗೆಯೇ. ಕೈ ಖಾಲಿಯಾದವನು ಹಸಿ ಅಡಿಕೆಯನ್ನೇ ಮಾರುತ್ತಾನೆ.

ಎಲ್ಲಿ, ಯಾವಾಗ ಕೆಲಸ?

ನಮ್ಮ ಬೇಸಗೆ ಅಲ್ಲಿ ಚಳಿ, ನಮ್ಮ ಚಳಿಗಾಲ ಅಲ್ಲಿ ಬೇಸಗೆ. ಬೆಳೆಯ ಕಾಲ ತಿಳಿಯದೆ ಊರು ಆರಿಸಿದರೆ ವಾರಗಟ್ಟಲೆ ಕೂತು ತಿನ್ನಬೇಕಾಗುತ್ತದೆ. ಟಲಿ, ಇನಿಸ್‌ಫೇಲ್ ಸೀಮೆಯಲ್ಲಿ ಬಾಳೆ ವರ್ಷವಿಡೀ ಉಂಟು. ಬೋವೆನ್ ಕಡೆ ಟೊಮೆಟೊ, ದೊಣ್ಣೆಮೆಣಸು ಹೆಚ್ಚಾಗಿ ಮೇಯಿಂದ ನವೆಂಬರ್. ಡಾರ್ವಿನ್, ಕ್ಯಾಥರೀನ್ ಕಡೆಯ ಮಾವು ಸೆಪ್ಟೆಂಬರಿನ ನಂತರ. ಮರೀಬಾದ ಮಾವು ಡಿಸೆಂಬರ್, ಜನವರಿ. ಸ್ಟ್ಯಾನ್‌ತೋರ್ಪ್‌ನಲ್ಲಿ ಸೇಬು ಕೊಯ್ಯುವುದು ಫೆಬ್ರವರಿಯಿಂದ. ಯಾವ ಊರಲ್ಲಿ ಯಾವ ತಿಂಗಳು ಏನು ಕೊಯ್ಲು ಎಂಬ ಪುಸ್ತಕವನ್ನು ಅಲ್ಲಿನ ಸರಕಾರವೇ ಪುಕ್ಕಟೆ ಕೊಡುತ್ತದೆ. ನಾನು ಮನೆಯಲ್ಲೇ ಅದನ್ನು ಓದಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿದ್ದೆ.

ಹೆಚ್ಚಿನ ತೋಟಗಳಿಗೆ ಬಸ್ಸು ಇಲ್ಲ. ಕಾರು ಇಲ್ಲದವರಿಗೆ ಅನುಕೂಲ, ತೋಟಕ್ಕೆ ವ್ಯಾನು ಬಿಡುವ ಹಾಸ್ಟೆಲ್. ಇವು ಕೆಲಸವನ್ನೂ ಹೊಂದಿಸಿಕೊಡುತ್ತವೆ. ಒಳ್ಳೆಯವೂ ಉಂಟು, ಕೆಟ್ಟವೂ ಉಂಟು. ಇನ್ನೊಂದು ಊರಿನ ಒಂದು ಹಾಸ್ಟೆಲಿನವರು "ಕೆಲಸ ರೆಡಿ ಇದೆ, ನಾಲ್ಕು ವಾರದ ಬಾಡಿಗೆ ಈಗಲೇ ಕಟ್ಟು" ಅಂದರು. ಯಾವ ತೋಟ, ಧಣಿ ಯಾರು ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ನಾನು ಒಂದು ವಾರದ್ದು ಮಾತ್ರ ಕಟ್ಟುತ್ತೇನೆ ಅಂದೆ. ಅವರಿಗೆ ಅದು ಬೇಡವಾಯಿತು, ನಾನು ಮುಂದಿನ ಬಸ್ಸು ಹತ್ತಿದೆ.

ಟಲಿಯ ಮಳೆ, ಬಾಳೆ

ಟಲಿ ಆ ದೇಶದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು. 1950ರಲ್ಲಿ ಅಲ್ಲಿ ಸುಮಾರು 7,900 ಮಿ.ಮೀ. ಮಳೆ ಬಿತ್ತು. ಅದರ ನೆನಪಿಗೆ ಊರಿನ ನಡುವೆ 7.9 ಮೀಟರ್ ಎತ್ತರದ ಬಂಗಾರ ಬಣ್ಣದ ಗಂಬೂಟು ನಿಲ್ಲಿಸಿದ್ದಾರೆ. ಆಗುಂಬೆ ಕಡೆಯವರಿಗೆ ಅಲ್ಲಿ ಮನೆಯ ಹಾಗೆಯೇ ಅನ್ನಿಸೀತು.

ಕೆಲಸ ಹಗುರದ್ದಲ್ಲ. ಒಬ್ಬ ಬಾಳೆಯ ಗಿಡಕ್ಕೆ ಕಚ್ಚು ಹಾಕಿ ಬಗ್ಗಿಸುತ್ತಾನೆ, ಇನ್ನೊಬ್ಬ ಅಡಿಯಲ್ಲಿ ನಿಂತು ಗೊನೆಯನ್ನು ಹೆಗಲಿಗೆ ತೆಗೆದುಕೊಳ್ಳುತ್ತಾನೆ. ಗೊನೆ 50 ಕಿಲೋ ದಾಟುವುದು ಸಾಮಾನ್ಯ. ಅದನ್ನು ಹೊತ್ತು ಕೆಸರಿನಲ್ಲಿ ಟ್ರೈಲರಿನ ತನಕ ನಡೆಯಬೇಕು. ಅಡಿಕೆ ಹೊರೆ ಹೊತ್ತು ಅಭ್ಯಾಸ ಇದ್ದ ನನಗೇ ಮೊದಲ ವಾರ ಹೆಗಲು ಬಾತಿತ್ತು. ಹೊರಲು ಆಗದವರಿಗೆ ಪ್ಯಾಕಿಂಗ್ ಶೆಡ್ಡಿನ ಕೆಲಸ ಉಂಟು. ಅಲ್ಲಿ ಹುಡುಗಿಯರೇ ಹೆಚ್ಚು.

ಕೃಷಿಕರು ಗಮನಿಸಬೇಕಾದ ಇನ್ನೊಂದು ಸಂಗತಿ. 2015ರ ಮಾರ್ಚಿಯಲ್ಲಿ ಟಲಿಯ ತೋಟವೊಂದರಲ್ಲಿ ಬಾಳೆಯ ಪನಾಮಾ ಸೊರಗು ರೋಗದ ಟಿಆರ್4 ಎಂಬ ಉಗ್ರ ತಳಿ ಕಾಣಿಸಿಕೊಂಡಿತು. ಇದು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುವ ಶಿಲೀಂಧ್ರ, ಮದ್ದು ಇಲ್ಲ. ಅಂಟಿದ ಮಣ್ಣಿನ ಜತೆ ಹರಡುತ್ತದೆ. ಹಾಗಾಗಿ ತೋಟದ ಬಾಗಿಲಲ್ಲೇ ಬೂಟು ತಿಕ್ಕಿ ತೊಳೆದು, ಔಷಧಿ ನೀರಿನಲ್ಲಿ ಅದ್ದಿ ಒಳಗೆ ಹೋಗಬೇಕು. ಬೇರೆ ತೋಟದ ಬೂಟು ಒಳಗೆ ಬಿಡುವುದಿಲ್ಲ. ಭಾರತದಲ್ಲೂ ಬಿಹಾರ, ಉತ್ತರಪ್ರದೇಶದ ತೋಟಗಳಲ್ಲಿ ಟಿಆರ್4 ಕಂಡುಬಂದಿದೆ. ಹೋಗುವಾಗ ಊರ ತೋಟದ ಬೂಟು ಒಯ್ಯಬೇಡಿ, ಬರುವಾಗ ಅಲ್ಲಿಯ ಬೂಟು ತರಬೇಡಿ. ಹೊಸ ತಳಿ ಅಂತ ಆಸೆಪಟ್ಟು ಬಾಳೆಕಂದು ತರುವ ಕೆಲಸವಂತೂ ಖಂಡಿತ ಬೇಡ. ನನ್ನ ಬೂಟನ್ನು ಅಲ್ಲೇ ಬಿಟ್ಟು ಬಂದೆ.

ಸಂಬಳದ ಕಾನೂನು

2024ರ ಜುಲೈಯಿಂದ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 24.10 ಡಾಲರ್ ಇತ್ತು. 2025ರ ಜುಲೈಯಿಂದ 24.95 ಆಯಿತು. ನಮ್ಮಂಥ ಕಾಯಂ ಅಲ್ಲದ ಆಳುಗಳಿಗೆ ಅದರ ಮೇಲೆ ನೂರಕ್ಕೆ 25 ಹೆಚ್ಚು ಕೊಡಬೇಕು. ಅಂದರೆ ಗಂಟೆಗೆ 30 ಡಾಲರಿನ ಆಸುಪಾಸು.

ಬಕೆಟ್ಟಿಗೆ ಇಷ್ಟು, ಪೆಟ್ಟಿಗೆಗೆ ಇಷ್ಟು ಅಂತ ಗುತ್ತಿಗೆ ಕೂಲಿ ಕೊಡುವ ಕಡೆ ಮೊದಲು ಬಹಳ ಮೋಸ ನಡೆಯುತ್ತಿತ್ತು. 2022ರ ಏಪ್ರಿಲ್ 28ರಿಂದ ತೋಟಗಾರಿಕೆಯಲ್ಲಿ ನಿಯಮ ಬದಲಾಗಿದೆ. ಎಷ್ಟೇ ಬಕೆಟ್ ತುಂಬಿಸಿ, ದುಡಿದ ಗಂಟೆಗೆ ಕನಿಷ್ಠ ಕೂಲಿ ಸಿಗಲೇಬೇಕು. ಧಣಿ ಗಂಟೆಯ ಲೆಕ್ಕ ಬರೆದಿಡಬೇಕು. ಸಂಬಳದ ಚೀಟಿಯೂ ಕೊಡಬೇಕು. ನೀವೂ ಒಂದು ಪುಸ್ತಕದಲ್ಲಿ ದಿನದಿನದ ಗಂಟೆ, ತೋಟದ ಹೆಸರು ಬರೆದಿಡಿ. ಪಾಸ್‌ಪೋರ್ಟನ್ನು ಯಾರ ಕೈಯಲ್ಲೂ ಇಡಲು ಕೊಡಬೇಡಿ. ತಕರಾರು ಬಂದರೆ ಫೇರ್ ವರ್ಕ್ ಓಂಬುಡ್ಸ್‌ಮನ್ ಎಂಬ ಸರಕಾರಿ ಕಚೇರಿ ಉಂಟು. ಫೋನ್ 13 13 94. ವಿದೇಶದ ಆಳು ಅಂತ ಅವರು ಬೇರೆ ಮಾಡುವುದಿಲ್ಲ.

ಸಂಬಳದಲ್ಲಿ ಮೊದಲ ಡಾಲರಿನಿಂದಲೇ ನೂರಕ್ಕೆ 15 ತೆರಿಗೆ ಮುರಿಯುತ್ತಾರೆ. ಇದು ವರ್ಷಕ್ಕೆ 45,000 ಡಾಲರಿನ ವರೆಗಿನ ದರ. ಧಣಿ ಇಂಥ ವೀಸಾದವರನ್ನು ಇಟ್ಟುಕೊಳ್ಳಲು ತೆರಿಗೆ ಕಚೇರಿಯಲ್ಲಿ ನೋಂದಾಯಿಸಿರಬೇಕು. ಇಲ್ಲದಿದ್ದರೆ ಹೆಚ್ಚು ಮುರಿಯುತ್ತಾರೆ. ಸೇರುವ ಮೊದಲೇ ಕೇಳಿಕೊಳ್ಳಿ.

ಫಸಲಿನ ಲೆಕ್ಕ

ಊರಲ್ಲಿ ಲೆಕ್ಕ ಹಾಕುವವರು ಗಂಟೆಗೆ 30 ಡಾಲರ್, ವಾರಕ್ಕೆ 38 ಗಂಟೆ, ವರ್ಷಕ್ಕೆ 52 ವಾರ ಅಂತ ಗುಣಿಸಿ "ಮೂವತ್ತು ಲಕ್ಷ" ಅನ್ನುತ್ತಾರೆ. ತೋಟದ ಪ್ರತಿ ಮರಕ್ಕೂ ಮೂರು ಕಿಲೋ ಒಣ ಅಡಿಕೆ ಹಿಡಿದ ಹಾಗೆ ಅದು. ನನ್ನ ಪುಸ್ತಕದ ಲೆಕ್ಕ ಹೀಗೆ ಉಂಟು.

ಪೂರ್ತಿ ಕೆಲಸದ ವಾರ: 38 ಗಂಟೆಗೆ 1,140 ಡಾಲರ್. ತೆರಿಗೆ ಕಳೆದು 969. ಹಾಸ್ಟೆಲಿಗೆ 220, ಸ್ವಂತ ಅಡುಗೆಯ ಸಾಮಾನಿಗೆ 90, ವ್ಯಾನು ಮತ್ತು ಫೋನಿಗೆ 30. ಒಟ್ಟು 340 ಖರ್ಚು. ಉಳಿಯುವುದು ಸುಮಾರು 630. ಇಂಥ ವಾರ ನನಗೆ ಸಿಕ್ಕಿದ್ದು 20.

ಮಳೆಯೋ, ಮಾರುಕಟ್ಟೆ ಬಿದ್ದದ್ದೋ ಕಾರಣವಾಗಿ 20 ಗಂಟೆಯ ಕೆಲಸ ಮಾತ್ರ ಇದ್ದ ವಾರ: ತೆರಿಗೆ ಕಳೆದು 510, ಖರ್ಚು ಅದೇ 340. ಉಳಿಯುವುದು 170. ಇಂಥ ವಾರ 14.

ಕೆಲಸ ಇಲ್ಲದ, ಊರು ಬದಲಿಸಿದ, ತಿರುಗಾಡಿದ ವಾರ 12. ಇವುಗಳಲ್ಲಿ ವಾರಕ್ಕೆ 340 ಕೈಯಿಂದ ಹೋಗುವುದೇ.

12,600 ಮತ್ತು 2,380 ಕೂಡಿಸಿ, 4,080 ಕಳೆದರೆ 10,900 ಡಾಲರ್. ಊರು ನೋಡಲು, ಬಸ್ಸು ರೈಲಿಗೆ 3,000 ಖರ್ಚು ಮಾಡಿದೆ. ಅದಕ್ಕೆಂದೇ ಹೋದದ್ದು, ಬೇಸರವಿಲ್ಲ. ಉಳಿದದ್ದು 7,900 ಡಾಲರ್, ಅಂದರೆ 4,34,500 ರೂಪಾಯಿ. ಇದರಲ್ಲಿ ಬಿತ್ತನೆಯ ಖರ್ಚು 1,86,625 ಕಳೆಯಿರಿ. ನಾನಿಲ್ಲದಾಗ ಕೊಳೆರೋಗದ ಮದ್ದು ಬಿಡಲು, ಕೊಯ್ಲಿಗೆ ಮನೆಯವರು ಹೆಚ್ಚಿಗೆ ಆಳು ಇಟ್ಟ 60,000ವನ್ನೂ ಕಳೆಯಿರಿ. ನಿಕ್ಕಿ ಉಳಿದದ್ದು 1,88,000 ರೂಪಾಯಿಯ ಹತ್ತಿರ.

ಇದಲ್ಲದೆ ಧಣಿ ನಮ್ಮ ಹೆಸರಲ್ಲಿ ಕಟ್ಟುವ ನಿವೃತ್ತಿ ನಿಧಿ ಉಂಟು. ಅಲ್ಲಿ ಸೂಪರ್ ಅನ್ನುತ್ತಾರೆ. ದೇಶ ಬಿಟ್ಟ ಮೇಲೆ ಅರ್ಜಿ ಹಾಕಿದರೆ ಅದು ಸಿಗುತ್ತದೆ, ಆದರೆ ನಮ್ಮ ವೀಸಾದವರಿಗೆ ನೂರಕ್ಕೆ 65 ತೆರಿಗೆ. ನನಗೆ ಸುಮಾರು 1,100 ಡಾಲರ್ ಬಂತು. ಅದೂ ಸೇರಿದರೆ ಎರಡೂವರೆ ಲಕ್ಷದ ಹತ್ತಿರ. ಒಂದು ವರ್ಷದ ದುಡಿಮೆ, ಹೊರದೇಶದ ಅನುಭವ, ಎರಡೂವರೆ ಲಕ್ಷ.

ಸಾಲ ಮಾಡಿದರೆ?

ಈಗ ಇದೇ ಲೆಕ್ಕವನ್ನು ಸಾಲಗಾರನ ಕಡೆಯಿಂದ ನೋಡಿ. 4 ಲಕ್ಷ 60 ಸಾವಿರವನ್ನು ಖಾಸಗಿಯವರಿಂದ ನೂರಕ್ಕೆ ತಿಂಗಳಿಗೆ 2ರಂತೆ ತಂದರೆ ವರ್ಷದ ಬಡ್ಡಿಯೇ 1,10,400. ಸೂಪರ್ ಬಿಟ್ಟು ಉಳಿದ 1,88,000ದಲ್ಲಿ ಕೈಗೆ ಸಿಗುವುದು 77,000. ಏಜಂಟನಿಗೆ ಎರಡು ಲಕ್ಷ ಕೊಟ್ಟಿದ್ದರೆ ಮನೆಗೆ ಬರುವುದು ಸಾಲ ಮಾತ್ರ. ಕೈ ಮುರಿದುಕೊಂಡು ಎರಡು ತಿಂಗಳು ಮಲಗಿದರಂತೂ ಹೇಳುವುದೇ ಬೇಡ.

ಸಾಲ ತಲೆಯ ಮೇಲಿದ್ದವನು ಕೆಟ್ಟ ಧಣಿಯನ್ನು ಬಿಟ್ಟು ಬರಲಾರ. ವೀಸಾ ಮುಗಿದರೂ ಕದ್ದು ಉಳಿಯುವ ಯೋಚನೆ ಅವನಿಗೇ ಬರುವುದು. ಹಾಗೆ ಉಳಿದರೆ ಮುಂದೆ ಆ ದೇಶದ ಬಾಗಿಲೇ ಮುಚ್ಚುತ್ತದೆ. ಆದುದರಿಂದ ತೋಟ ಅಡವಿಡಬೇಡಿ, ಅಮ್ಮನ ಚಿನ್ನ ಮುಟ್ಟಬೇಡಿ. ಕಳೆದುಹೋದರೂ ಮನೆ ನಡೆಯುತ್ತದೆ ಅನ್ನುವಷ್ಟು ಹಣ ಸೇರಿದ ಮೇಲೆ ಹೋಗಿ. 22ರ ವಯಸ್ಸಿನವನಿಗೆ ಇನ್ನೂ ಎಂಟು ವರ್ಷ ಉಂಟು. ಪ್ರತಿ ವರ್ಷ 25 ಡಾಲರ್ ಕಟ್ಟಿ ಹೆಸರು ಹಾಕಬಹುದು, ಅಷ್ಟರಲ್ಲಿ ಹಣವನ್ನೂ ಕೂಡಿಸಬಹುದು.

ಹೊರಡುವವರಿಗೆ ಕೆಲವು ಸೂಚನೆ

* ಚೀಲ 12 ಕಿಲೋ ಮೀರದಿರಲಿ. ಅದನ್ನು ಹೊತ್ತು ಮನೆಯಿಂದ ಬಸ್‌ಸ್ಟ್ಯಾಂಡಿನ ತನಕ ಒಮ್ಮೆ ನಡೆದು ನೋಡಿ. ಬಟ್ಟೆ, ಬೂಟು ಅಲ್ಲಿ ಹಳೆ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ.

* ಅನ್ನ, ಸಾರು, ಚಪಾತಿ ಮಾಡಲು ಕಲಿತು ಹೋಗಿ. ಹೊರಗೆ ತಿಂದರೆ ವಾರದ ಸಾಮಾನಿನ ಹಣ ಎರಡು ದಿನಕ್ಕೆ ಮುಗಿಯುತ್ತದೆ.

* ಬೀಜ, ಗಿಡ, ಹಸಿ ಹಣ್ಣು ಒಯ್ಯಬೇಡಿ. ತಿಂಡಿ, ಉಪ್ಪಿನಕಾಯಿ ಏನೇ ಇದ್ದರೂ ವಿಮಾನ ನಿಲ್ದಾಣದ ಫಾರಂನಲ್ಲಿ ಬರೆಯಿರಿ. ಬರೆಯದೆ ಸಿಕ್ಕಿಬಿದ್ದರೆ ದೊಡ್ಡ ದಂಡ.

* ನಿಗದಿತ ಪ್ರದೇಶದಲ್ಲಿ ಮೂರು ತಿಂಗಳು, ಅಂದರೆ 88 ದಿನ, ತೋಟದಂಥ ಕೆಲಸ ಮಾಡಿದವರು ಎರಡನೇ ವರ್ಷದ ವೀಸಾ ಕೇಳಬಹುದು. ಆ ದಿನಗಳ ಆಸೆ ತೋರಿಸಿ ಕಡಿಮೆ ಕೂಲಿ ಕೊಡುವವರೂ ಇದ್ದಾರೆ. ಸರಿಯಾದ ಕೂಲಿ ಕೊಟ್ಟ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬುದು ನೆನಪಿರಲಿ.

* ಹಿಂತಿರುಗುವ ಟಿಕೆಟಿನ ಹಣವನ್ನು ಬೇರೆ ಖಾತೆಯಲ್ಲಿಡಿ. ಎಂಥ ಕಷ್ಟ ಬಂದರೂ ಅದಕ್ಕೆ ಕೈ ಹಾಕಬೇಡಿ.

* ವಾರಕ್ಕೊಮ್ಮೆಯಾದರೂ ಮನೆಗೆ ಫೋನು ಮಾಡಿ, ಯಾವ ಊರು, ಯಾವ ತೋಟ ಅಂತ ತಿಳಿಸಿ.

ಕೊನೆಗೆ ಹಿರಿಯರಲ್ಲಿ ಒಂದು ಮಾತು. ಮಕ್ಕಳು ಕೇಳಿದರೆ ಒಮ್ಮೆಲೇ ಬೇಡ ಅನ್ನಬೇಡಿ. ಹೆಗಲ ಮೇಲೆ ಗೊನೆ ಹೊತ್ತು, ಗಂಟೆಗೆ ತಕ್ಕ ಕೂಲಿ ಕೇಳಿ ಪಡೆದು ಬಂದವರಿಗೆ ನಮ್ಮ ತೋಟದ ಆಳುಗಳ ಕಷ್ಟವೂ, ನಮ್ಮ ಬೆಳೆಯ ಬೆಲೆಯೂ ಬೇರೆ ರೀತಿಯಲ್ಲಿ ಕಾಣುತ್ತದೆ. ನಾನು ಬಂದ ಮೇಲೆ ನಮ್ಮಲ್ಲಿ ಕೆಲಸಕ್ಕೆ ಬರುವವರ ದಿನ, ಕೂಲಿ, ಮುಂಗಡ ಎಲ್ಲ ಒಂದು ಪುಸ್ತಕದಲ್ಲಿ ಬರೆದು ಶನಿವಾರ ಅವರಿಗೇ ತೋರಿಸುವ ಕ್ರಮ ಮಾಡಿದ್ದೇವೆ. ಕಳಿಸುವುದಾದರೆ ಲೆಕ್ಕದ ಪುಸ್ತಕ ಎದುರಿಗಿಟ್ಟು, ಮಕ್ಕಳನ್ನೂ ಕೂರಿಸಿ, ಪ್ರತಿ ಸಾಲನ್ನೂ ಅವರ ಕೈಯಿಂದಲೇ ಬರೆಸಿ. ಆ ಲೆಕ್ಕ ಸಾಲವಿಲ್ಲದೆ ಕೂಡಿಬಂದರೆ ಧೈರ್ಯವಾಗಿ ಕಳಿಸಬಹುದು.